ಯಾರೂ ಇದ್ದಂತೆ ಕಾಣದ ಕೋಣೆ

ಸುಕ್ಕಮ್ಮನಿಗೆ ಆ ಹೆಸರನ್ನು ಇಟ್ಟವರು ಹೆತ್ತವರಲ್ಲ, ಹೋಟೆಲಿನಲ್ಲಿ ಜೊತೆಗೆ ದುಡಿದವರು. ಹಾಸಿಗೆಯ ಮೇಲೆ ಒಂದೇ ಒಂದು ಸುಕ್ಕು ಕಂಡರೂ ಸಾಕು, ಅವಳಿಗೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ತಾನು ಹಾಸಿದ್ದಿರಲಿ, ಬೇರೆಯವರು ಹಾಸಿದ್ದಿರಲಿ, ಬೆರಳ ತುದಿಯಿಂದ ಎಳೆದು, ಅಂಗೈಯಿಂದ ಸವರಿ, ಸುಕ್ಕು ಹೋದ ಮೇಲೆಯೇ ಮುಂದಿನ ಮಾತು. ಮೊದಮೊದಲು ಬೆನ್ನ ಹಿಂದೆ ಆಡಿಕೊಳ್ಳಲು ಹುಟ್ಟಿದ ಹೆಸರು ಆಮೇಲೆ ಎದುರಿಗೇ ಬಂತು, ಕೊನೆಗೆ ಗಂಡನ ಬಾಯಿಗೂ ಬಂತು. ಈಗ ಅರವತ್ತನಾಲ್ಕರ ವಯಸ್ಸಿನಲ್ಲಿ ಆ ಸುಕ್ಕುಗಳೆಲ್ಲ ಸೇಡು ತೀರಿಸಿಕೊಳ್ಳುವಂತೆ ಅವಳ ಮುಖಕ್ಕೇ ಬಂದು ಕೂತಿವೆ. ಅವನ್ನು ಮಾತ್ರ ಅವಳು ಎಳೆದು ಸರಿಮಾಡಲು ಹೋಗಿಲ್ಲ.

ಮೂವತ್ತೊಂದು ವರ್ಷ ಅವಳು ಒಂದು ದೊಡ್ಡ ಹೋಟೆಲಿನಲ್ಲಿ ಕೋಣೆಗಳನ್ನು ಶುಚಿ ಮಾಡುವ ಕೆಲಸದಲ್ಲಿದ್ದಳು. ದಿನಕ್ಕೆ ಹದಿನಾಲ್ಕು ಕೋಣೆ. ಸೇರಿದ ಮೊದಲ ದಿನವೇ ಮೇಲ್ವಿಚಾರಕಿ ಎರಡು ಮಾತು ಹೇಳಿಕೊಟ್ಟಿದ್ದಳು. ಒಂದು, ಕೆಲಸ ಮುಗಿದ ಮೇಲೆ ಆ ಕೋಣೆಯಲ್ಲಿ ಹಿಂದೆ ಯಾರೂ ಇದ್ದೇ ಇರಲಿಲ್ಲ ಅನ್ನಿಸಬೇಕು. ಎರಡು, ಒಳಗೆ ಏನೇ ಕಂಡರೂ ಅದು ನಿನ್ನ ಬಾಯಿಂದ ಆಚೆ ಬರಬಾರದು. ಸುಕ್ಕಮ್ಮ ಎರಡನ್ನೂ ವ್ರತದ ಹಾಗೆ ಪಾಲಿಸಿದಳು. ಒಮ್ಮೆ ಒಬ್ಬ ಅತಿಥಿ ಊಟ ಮುಗಿಸಿ ತನ್ನ ಕೋಣೆಗೆ ವಾಪಸು ಬಂದವನು ಒಳಗೆ ಇಣುಕಿ, ಯಾರದೋ ಬಾಗಿಲು ತೆರೆದುಬಿಟ್ಟೆ ಅಂದುಕೊಂಡು, ಕ್ಷಮೆ ಕೇಳಿ ಹೊರಗೆ ಹೋಗಿದ್ದನಂತೆ. ಒಳಗೆ ಯಾರೂ ಇರಲಿಲ್ಲ, ಕ್ಷಮೆ ಕೇಳಿದ್ದು ಮಂಚಕ್ಕೆ. ಇದನ್ನು ಅವಳು ಇವತ್ತಿಗೂ ಮೆಡಲು ಬಂದವರ ಹಾಗೆ ಹೇಳಿಕೊಳ್ಳುತ್ತಾಳೆ.

ಗಂಡ ಅದೇ ಹೋಟೆಲಿನಲ್ಲಿ ಲಿಫ್ಟ್ ರಿಪೇರಿ ಮಾಡುತ್ತಿದ್ದವರು. ಈಗ ಇಬ್ಬರೂ ನಿವೃತ್ತರು. ಎರಡನೇ ಮಹಡಿಯಲ್ಲಿ ಸ್ವಂತದ್ದೊಂದು ಮನೆ, ಬೀದಿಯ ಕಡೆಗೆ ಬಾಲ್ಕನಿ. ಯಜಮಾನರು ದಿನದ ಬಹುಪಾಲನ್ನು ಆ ಬಾಲ್ಕನಿಯಲ್ಲೇ ಕಳೆಯುತ್ತಾರೆ. ಮನೆಯಲ್ಲಿ ಟೀ ಲೋಟವನ್ನು ಎಲ್ಲಿಟ್ಟರೂ ಬೈಸಿಕೊಳ್ಳದ ಜಾಗ ಅದೊಂದೇ ಎಂದು ಅವರ ದೂರು. ಮಗಳು ಮದುವೆಯಾಗಿ ಎರಡು ಬೀದಿ ಆಚೆ ಇದ್ದಾಳೆ. ಅವಳ ಕೋಣೆಯನ್ನು ಇವರು ಪರದೇಶದಿಂದ ಓದಲು ಬರುವ ಹುಡುಗಿಯರಿಗೆ ಬಾಡಿಗೆಗೆ ಕೊಡುತ್ತಾ ಬಂದಿದ್ದಾರೆ. ಕಾಲೇಜು ಎರಡೇ ಬಸ್ ಸ್ಟಾಪು ದೂರ.

ಮೊದಲು ಬಂದ ಇಬ್ಬರ ಕತೆ ಬಿಡಿ. ಮೂರನೆಯವಳು ಬಂದಾಗ ಸುಕ್ಕಮ್ಮನ ತಾಳ್ಮೆಗೆ ನಿಜವಾದ ಪರೀಕ್ಷೆ ಶುರುವಾಯಿತು. ಆ ಹುಡುಗಿ ಓದುತ್ತಿದ್ದದ್ದು ಮಣ್ಣಿನ ವಿಷಯ. ಯಾವ ಮಣ್ಣಿನಲ್ಲಿ ನೀರು ಎಷ್ಟು ಹೊತ್ತು ನಿಲ್ಲುತ್ತದೆ, ಯಾವುದರಲ್ಲಿ ನಿಲ್ಲುವುದಿಲ್ಲ ಎಂಬುದರ ಮೇಲೆ ಅವಳ ಪ್ರಬಂಧ. ಅಲ್ಲಿ ಇಲ್ಲಿ ಅಗೆದ ಮಣ್ಣನ್ನು ಸಣ್ಣ ಗಾಜಿನ ಬಾಟಲಿಗಳಿಗೆ ತುಂಬಿ, ಚೀಟಿ ಅಂಟಿಸಿ, ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಡುತ್ತಿದ್ದಳು.

"ಜನ ಮನೆಯಿಂದ ಮಣ್ಣು ಗುಡಿಸಿ ಆಚೆ ಹಾಕ್ತಾರೆ. ಇವಳು ಹೊತ್ಕೊಂಡು ಬಂದು ಒಳಗಿಡ್ತಾಳೆ" ಎಂದು ಸುಕ್ಕಮ್ಮ ಗಂಡನ ಮುಂದೆ ಗೊಣಗಿದಳು.

"ಬಾಡಿಗೆ ಕೊಡ್ತಾಳಲ್ಲ, ಮಣ್ಣಾದ್ರೂ ಇಟ್ಕೊಳ್ಳಿ, ಚಿನ್ನಾನಾದ್ರೂ ಇಟ್ಕೊಳ್ಳಿ" ಎಂದರು ಯಜಮಾನರು.

ಕೊನೆಗೆ ಒಂದು ರಾಜಿಯಾಯಿತು. ಬಾಟಲಿಗಳು ತಟ್ಟೆಯ ಮೇಲೆ ಇರಬೇಕು, ತಟ್ಟೆಯ ಕೆಳಗೆ ಬಟ್ಟೆ ಇರಬೇಕು. ಸುಕ್ಕಮ್ಮ ದಿನಕ್ಕೊಮ್ಮೆ ನೆಲ ಗುಡಿಸಿ ಒರೆಸುತ್ತಾಳೆ. ಹಾಸಿಗೆ, ಮೇಜು, ಕಪಾಟು ಹುಡುಗಿಗೆ ಬಿಟ್ಟದ್ದು. ಹುಡುಗಿ ಅವಳನ್ನು ಓನರಮ್ಮ ಎಂದು ಕರೆಯತೊಡಗಿದಳು, ಸುಕ್ಕಮ್ಮ ಅವಳನ್ನು ಮಣ್ಣಮ್ಮ ಎಂದು. ಬಂದಾಗ ಹತ್ತಿಪ್ಪತ್ತು ಪದ ಬರುತ್ತಿದ್ದವಳು ಎರಡು ವರ್ಷದಲ್ಲಿ ಇಲ್ಲಿಯ ಮಾತನ್ನು ಚೆನ್ನಾಗಿ ಕಲಿತಳು. ಬಹುಪಾಲು ಕಲಿಸಿದವಳು ಸುಕ್ಕಮ್ಮನೇ ಆದ್ದರಿಂದ, ಬೈಗುಳ ಮೊದಲು ಬಂತು, ವ್ಯಾಕರಣ ಆಮೇಲೆ.

ಪರದೇಶದಲ್ಲಿ ಓದುವವರ ಪಾಡು ಓದುವುದರಲ್ಲಿ ಮಾತ್ರ ಇಲ್ಲ. ಪ್ರತಿ ವರ್ಷ ವಾಸದ ಪರ್ಮಿಟ್ಟನ್ನು ಹೊಸದು ಮಾಡಿಸಬೇಕು. ಕಾಲೇಜಿನ ಪತ್ರ, ಬ್ಯಾಂಕಿನ ಪತ್ರ, ವಿಮೆಯ ಪತ್ರ, ಎರಡು ಕಿವಿಯೂ ಕಾಣುವಂತೆ ತೆಗೆಸಿದ ಫೋಟೋ, ಮನೆ ಮಾಲೀಕರ ಸಹಿ. ಒಂದನ್ನು ಹೊಂದಿಸುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿದಿರುತ್ತದೆ. ಎರಡು ಸಲ ಈ ಗಂಡಾಂತರ ದಾಟಿದ್ದ ಹುಡುಗಿಗೆ ಮೂರನೇ ಸಲ ಹೊಸದೊಂದು ಗಂಟು ಬಿತ್ತು. ಅದೇ ಬಡಾವಣೆಯಲ್ಲಿ ಯಾವನೋ ಪುಣ್ಯಾತ್ಮ ಸೈಕಲ್ ನಿಲ್ಲಿಸುವ ಶೆಡ್ಡಿನಲ್ಲಿ ಇಪ್ಪತ್ತೆರಡು ವಿದ್ಯಾರ್ಥಿಗಳು ವಾಸವಾಗಿದ್ದಾರೆ ಎಂದು ಕಾಗದ ಬರೆದುಕೊಟ್ಟು ಸಿಕ್ಕಿಬಿದ್ದಿದ್ದ. ಅವನ ದೆಸೆಯಿಂದ ಈಗ ಎಲ್ಲರ ಮನೆಗೂ ಅಧಿಕಾರಿ ಬಂದು, ಅರ್ಜಿ ಹಾಕಿದವರು ನಿಜವಾಗಿ ಅಲ್ಲಿ ಇದ್ದಾರೋ ಇಲ್ಲವೋ ಎಂದು ನೋಡಿ ವರದಿ ಬರೆಯಬೇಕಿತ್ತು.

ಹುಡುಗಿಗೆ ಓದು ಮುಗಿಯಲು ಬಾಕಿ ಇದ್ದದ್ದು ಐದೇ ತಿಂಗಳು. ಪರ್ಮಿಟ್ ತಪ್ಪಿದರೆ ಮೂವತ್ತು ದಿನದಲ್ಲಿ ದೇಶ ಬಿಡಬೇಕು. ಅಲ್ಲಿಂದ ಮತ್ತೆ ಅರ್ಜಿ ಹಾಕಿ ಬರುವಷ್ಟರಲ್ಲಿ ವರ್ಷ ಕಳೆಯುತ್ತದೆ, ಅಷ್ಟರಲ್ಲಿ ಅವಳ ಪ್ರೊಫೆಸರು ನಿವೃತ್ತರಾಗುತ್ತಾರೆ, ವಿದ್ಯಾರ್ಥಿವೇತನ ನಿಲ್ಲುತ್ತದೆ. ಒಟ್ಟಿನಲ್ಲಿ ಎರಡು ವರ್ಷದ ದುಡಿಮೆ ನೀರಿಗೆ ಹೋದ ಹಾಗೆ.

ವಾರದೊಳಗೆ ಯಾವ ದಿನವಾದರೂ ಅಧಿಕಾರಿ ಬರಬಹುದು, ಮಾಲೀಕರು ಕೋಣೆ ತೆರೆದು ತೋರಿಸಿದರೆ ಸಾಕು ಎಂದು ನೋಟಿಸು ಬಂತು. ಸೋಮವಾರದಿಂದ ಬುಧವಾರದವರೆಗೆ ಹುಡುಗಿ ಬಾಗಿಲ ಗಂಟೆಗೇ ಕಿವಿಗೊಟ್ಟು ಮನೆಯಲ್ಲೇ ಕೂತಳು. ಯಾರೂ ಬರಲಿಲ್ಲ. ಗುರುವಾರ ಪ್ರಯೋಗಶಾಲೆಗೆ ಹೋಗಲೇಬೇಕಿತ್ತು.

"ಬಂದ್ರೆ ಕೋಣೆ ತೋರಿಸಿ, ಅಷ್ಟೇ ಓನರಮ್ಮ" ಎಂದಳು ಚಪ್ಪಲಿ ಹಾಕಿಕೊಳ್ಳುತ್ತಾ.

"ನೀನು ನೆಮ್ಮದಿಯಾಗಿ ಹೋಗು. ನಾನು ನೋಡ್ಕೋತೀನಿ" ಎಂದಳು ಸುಕ್ಕಮ್ಮ.

ನೋಡಿಕೊಂಡಳು ಕೂಡ. ಹುಡುಗಿ ಮೆಟ್ಟಿಲು ಇಳಿದದ್ದೇ ತಡ, ಸೊಂಟಕ್ಕೆ ಬಟ್ಟೆ ಸಿಕ್ಕಿಸಿಕೊಂಡು ಕೋಣೆಗೆ ನುಗ್ಗಿದಳು. ಸರ್ಕಾರದ ಮನುಷ್ಯ ಬರುತ್ತಾನೆ, ನಮ್ಮ ಮಣ್ಣಮ್ಮನ ಬಗ್ಗೆ ಒಂದು ಕೆಟ್ಟ ಮಾತು ಬರಬಾರದು. ಹಳೆಯ ಚಾದರ, ದಿಂಬಿನ ಕವರು ಕಿತ್ತು ಹೊಸದು ಹಾಕಿದಳು; ಚಾದರವನ್ನು ಎಷ್ಟು ಬಿಗಿಯಾಗಿ ಎಳೆದಳೆಂದರೆ ಅದರ ಮೇಲೆ ನಾಣ್ಯ ಹಾಕಿದರೆ ಪುಟಿಯಬೇಕು. ಮೇಜಿನ ಮೇಲಿದ್ದ ಪುಸ್ತಕಗಳನ್ನು ಸೂಟ್‌ಕೇಸಿನಲ್ಲಿ ಜೋಡಿಸಿ ಮಂಚದಡಿಗೆ ತಳ್ಳಿದಳು. ಬಟ್ಟೆಗಳನ್ನು ಮಡಚಿ ಚೀಲಗಳಿಗೆ ಹಾಕಿ ಕಪಾಟಿನ ಮೇಲಿನ ಅರೆಗೆ ಸೇರಿಸಿದಳು. ಹಲ್ಲುಜ್ಜುವ ಬ್ರಷ್ಷು, ಬಾಚಣಿಗೆಗಳನ್ನು ಕಾಗದದಲ್ಲಿ ಸುತ್ತಿ ಡ್ರಾಯರಿನಲ್ಲಿಟ್ಟಳು. ಕಸದ ಬುಟ್ಟಿಗೆ ಹೊಸ ಕವರು. ಟವೆಲ್ಲನ್ನು ಬೀಸಣಿಗೆಯ ಹಾಗೆ ಮಡಚಿ ಮಂಚದ ತುದಿಯಲ್ಲಿ. ಮಣ್ಣಿನ ಬಾಟಲಿಗಳು ಬಾಲ್ಕನಿಗೆ, ಯಜಮಾನರ ಕುರ್ಚಿಯ ಹಿಂದಕ್ಕೆ.

"ಇಷ್ಟೆಲ್ಲ ಬೇಕೇನೆ?" ಎಂದರು ಯಜಮಾನರು, ಬಾಟಲಿಗಳಿಗೆ ಜಾಗ ಬಿಟ್ಟು ಕುರ್ಚಿ ಸರಿಸಿಕೊಳ್ಳುತ್ತಾ.

"ನಿಮಗೇನು ಗೊತ್ತಾಗುತ್ತೆ, ಸುಮ್ನಿರಿ" ಎಂದಳು.

ಹನ್ನೊಂದರ ಸುಮಾರಿಗೆ ಅಧಿಕಾರಿ ಬಂದರು. ನಲವತ್ತರ ಆಸುಪಾಸಿನ ಸಣಕಲು ಮನುಷ್ಯ, ಕಂಕುಳಲ್ಲಿ ಫೈಲು, ಎರಡು ಮಹಡಿ ಹತ್ತಿದ್ದಕ್ಕೆ ಏದುಸಿರು. ಟೀ ಬೇಡ, ನೀರೂ ಬೇಡ, ನಿಯಮ ಇಲ್ಲ ಎಂದರು. ಸುಕ್ಕಮ್ಮ ಬಾಗಿಲು ತೆರೆದು, ಪಕ್ಕಕ್ಕೆ ಸರಿದು, ಕೈಕಟ್ಟಿ ನಿಂತಳು. ಹೋಟೆಲಿನಲ್ಲಿ ಮೇಲ್ವಿಚಾರಕಿ ಬಂದಾಗ ನಿಲ್ಲುತ್ತಿದ್ದ ಹಾಗೆಯೇ.

ಅಧಿಕಾರಿ ಖಾಲಿ ಮೇಜು ನೋಡಿದರು. ಕಸದ ಬುಟ್ಟಿಯೊಳಗೆ ಇಣುಕಿದರು. ಬಚ್ಚಲಿನಲ್ಲಿ ಒಣಗಿದ್ದ ನಲ್ಲಿ ಮುಟ್ಟಿದರು. ಬಗ್ಗಿ ಮಂಚದಡಿಯ ಸೂಟ್‌ಕೇಸನ್ನು ಅಲುಗಿಸಿದರು, ಅದು ಭಾರವಾಗಿತ್ತು.

"ಇಲ್ಲಿ ಇರೋವ್ರು ನಿನ್ನೆ ಇಲ್ಲೇ ಮಲಗಿದ್ರಾ?"

"ಇಲ್ಲೇ ಮಲಗಿದ್ಲು ಸರ್."

ಅವರು ಹಾಸಿಗೆಯನ್ನು ಇನ್ನೊಮ್ಮೆ ನೋಡಿದರು. ಆ ನೋಟವನ್ನು ಸುಕ್ಕಮ್ಮ ಮೆಚ್ಚುಗೆ ಎಂದೇ ತಿಳಿದಳು. ಇಷ್ಟು ವರ್ಷದ ಮೇಲೆ ಕೆಲಸ ಬಲ್ಲವರೊಬ್ಬರು ತನ್ನ ಹಾಸಿಗೆ ನೋಡುತ್ತಿದ್ದಾರೆ. ಅವಳ ಎದೆ ಉಬ್ಬಿತು, ಬಾಯಿ ತಡೆಯಲಿಲ್ಲ.

"ನೋಡಿದ್ರೆ ಇಲ್ಲಿ ಯಾರೂ ಇದ್ದ ಹಾಗೇ ಕಾಣಲ್ಲ, ಅಲ್ವಾ ಸರ್?" ಎಂದಳು ಹೆಮ್ಮೆಯಿಂದ.

ಅಧಿಕಾರಿ ಒಂದು ಕ್ಷಣ ಅವಳ ಮುಖವನ್ನೇ ನೋಡಿ, ಆ ಮಾತನ್ನು ಅಕ್ಷರ ಬಿಡದೆ ಬರೆದುಕೊಂಡರು. ಅವಳು ಅವರನ್ನು ಮೆಟ್ಟಿಲ ತನಕ ಬೀಳ್ಕೊಟ್ಟು ಬಂದಳು.

ಒಂಬತ್ತನೇ ದಿನ ಕಾಗದ ಬಂತು. ಹುಡುಗಿ ನಿಂತಲ್ಲೇ ಒಡೆದು ಓದಿದಳು, ಮತ್ತೆ ಮೊದಲಿನಿಂದ ಓದಿದಳು.

"ಏನಂತೆ?" ಎಂದಳು ಸುಕ್ಕಮ್ಮ.

ಹುಡುಗಿ ಗಟ್ಟಿಯಾಗಿ ಓದಿದಳು. "ಸದರಿ ಕೋಣೆಯಲ್ಲಿ ವಾಸದ ಯಾವುದೇ ಕುರುಹು ಕಂಡುಬಂದಿಲ್ಲ. ಯಾರೂ ಇದ್ದ ಹಾಗೆ ಕಾಣುವುದಿಲ್ಲ ಎಂದು ಮನೆಯೊಡತಿಯೇ ಒಪ್ಪಿರುತ್ತಾರೆ. ಅರ್ಜಿ ತಿರಸ್ಕರಿಸಲಾಗಿದೆ."

ಸುಕ್ಕಮ್ಮ ಚಪ್ಪಲಿ ಇಡುವ ಸ್ಟ್ಯಾಂಡಿನ ಮೇಲೆಯೇ ಕುಸಿದು ಕೂತಳು. ಜೀವಮಾನವಿಡೀ ಯಾವ ಮಾತಿಗಾಗಿ ಬೆನ್ನು ಬಗ್ಗಿಸಿದ್ದಳೋ ಅದೇ ಮಾತು ಈ ಮಗುವಿನ ಕುತ್ತಿಗೆಗೆ ಬಂದಿತ್ತು. ಹುಡುಗಿ ಒಂದಾದರೂ ಬಿರುಸು ಮಾತು ಆಡಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಕಾಗದವನ್ನು ಮಡಚಿ, "ಪರವಾಗಿಲ್ಲ ಓನರಮ್ಮ, ನೀವು ಒಳ್ಳೇದಕ್ಕೇ ಮಾಡಿದ್ದು" ಎಂದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಬಚ್ಚಲಿನ ನಲ್ಲಿ ಜೋರಾಗಿ ಬಿಟ್ಟ ಸದ್ದು ಕೇಳಿತು. ಯಜಮಾನರು ಆ ದಿನ ಯಾವ ತಮಾಷೆಯನ್ನೂ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಸುಕ್ಕಮ್ಮ ಒಳ್ಳೆಯ ಬಟ್ಟೆ ಉಟ್ಟು, ಹುಡುಗಿಯ ಜೊತೆಗೆ ತಾನೂ ಕಚೇರಿಗೆ ಹೊರಟಳು. ನೆಲಕ್ಕೆ ಬೋಲ್ಟು ಹಾಕಿದ ಕುರ್ಚಿಗಳ ಸಾಲು, ಕೈಯಲ್ಲಿ ನೂರಾ ಹದಿನೆಂಟನೇ ಟೋಕನ್ನು, ಗೋಡೆಯ ಮೇಲೆ ಉರಿಯುತ್ತಿದ್ದ ನಂಬರು ನಲವತ್ತೊಂದು. ಸುತ್ತಲೂ ಈ ಹುಡುಗಿಯ ವಯಸ್ಸಿನವರೇ. ಎಲ್ಲರ ಮಡಿಲಲ್ಲೂ ಪ್ಲಾಸ್ಟಿಕ್ ಫೈಲು, ಎಲ್ಲರ ಮುಖದಲ್ಲೂ ಡಾಕ್ಟರ ಬಾಗಿಲಲ್ಲಿ ಕಾಯುವವರ ಕಳೆ. ಒಬ್ಬನಿಗೆ ಹೆಸರಿನಲ್ಲಿ ಒಂದಕ್ಷರ ಹೆಚ್ಚಾಗಿತ್ತು, ಇನ್ನೊಬ್ಬಳಿಗೆ ಫೋಟೋದಲ್ಲಿ ಕಿವಿ ಕಡಿಮೆಯಾಗಿತ್ತು. ಎರಡು ವರ್ಷ ಒಂದೇ ಸೂರಿನಡಿ ಇದ್ದೂ ಹುಡುಗಿ ಹೀಗೆ ಪ್ರತಿ ವರ್ಷ ಇಲ್ಲಿ ಬಂದು ಕೂರುತ್ತಾಳೆ ಎಂಬುದು ಸುಕ್ಕಮ್ಮನಿಗೆ ತಿಳಿದಿರಲಿಲ್ಲ. ಅವಳಿಗೆ ನಾಚಿಕೆಯಾಯಿತು.

ಅವರ ಸರದಿ ಬಂದಾಗ ಗಾಜಿನ ಹಿಂದಿದ್ದ ಹೆಂಗಸು ಕಡತ ತಿರುವಿ, ವಿದ್ಯುತ್ ಬಿಲ್ಲು ಹುಡುಗಿಯ ಹೆಸರಿನಲ್ಲಿದೆಯೇ ಎಂದು ಕೇಳಿದಳು. ಅದು ಯಜಮಾನರ ಹೆಸರಿನಲ್ಲಿತ್ತು. ಫೋನಿನ ಬಿಲ್ಲು? ಅದು ಫೋನಿಗೇ ಬರುತ್ತಿತ್ತು. ಮನೆಗೆ ಬಂದ ಪತ್ರಗಳು? ನಿಮ್ಮ ನೋಟಿಸು ಬಿಟ್ಟರೆ ಯಾರೂ ಬರೆಯುವುದಿಲ್ಲ ಎಂದಳು ಹುಡುಗಿ.

"ಅಲ್ಲಮ್ಮ, ಗಲೀಜಾಗಿದ್ರೆ ಮಾತ್ರ ಮನೇನಾ?" ಎಂದು ಸುಕ್ಕಮ್ಮ ಗಾಜಿನ ಹತ್ತಿರ ಬಾಯಿ ತಂದು ಕೇಳಿದಳು.

"ನಾನು ಹೇಳಿದ್ದಲ್ಲಮ್ಮ, ವರದಿಯಲ್ಲಿರೋದು" ಎಂದಳು ಆ ಹೆಂಗಸು. ಆಮೇಲೆ ಸ್ವಲ್ಪ ದನಿ ತಗ್ಗಿಸಿ, "ಇನ್ನೊಂದು ಸಲ ಬಂದು ನೋಡಿ ಅಂತ ಮೇಲ್ಮನವಿ ಹಾಕ್ಬಹುದು. ಹದಿನೈದು ದಿನದೊಳಗೆ ಬರ್ತಾರೆ, ಮೊದಲೇ ಹೇಳಲ್ಲ. ಆದ್ರೆ ಒಂದೇ ಸಲ ಅವಕಾಶ. ಅವರು ಬರೆದಿದ್ದೇ ಕೊನೆ" ಎಂದಳು. ಅಲ್ಲೇ ನಿಂತು ಮೇಲ್ಮನವಿ ಬರೆದುಕೊಟ್ಟು ಬಂದರು.

ಮಾಡಿದ ತಪ್ಪನ್ನು ತಾನೇ ಸರಿಪಡಿಸಬೇಕು ಎಂಬ ಹಟ ಸುಕ್ಕಮ್ಮನಿಗೆ. ಮರುದಿನ ಹುಡುಗಿ ಕಾಲೇಜಿಗೆ ಹೋದ ಮೇಲೆ ಕೋಣೆಯನ್ನು ಗಲೀಜು ಮಾಡಲು ನಿಂತಳು. ಆದರೆ ಗಲೀಜು ಮಾಡುವುದಕ್ಕೂ ಕೈ ಪಳಗಿರಬೇಕಲ್ಲ. ಮೂರು ಪುಸ್ತಕಗಳನ್ನು ಮೇಜಿನ ಮೇಲೆ ಹರಡಿದಳು, ಮೂರೂ ಒಂದೇ ಕೋನದಲ್ಲಿ ಓರೆಯಾಗಿ ಕೂತವು. ಒಂದು ಕಾಲುಚೀಲವನ್ನು ನೆಲದ ಮೇಲೆ ಎಸೆದಳು, ಅದು ಬಿದ್ದ ರೀತಿ ಒಪ್ಪದೆ ಎತ್ತಿ ನೆಲದ ನಟ್ಟನಡುವೆ ಇಟ್ಟಳು. ಹೊದಿಕೆಯ ಒಂದು ಮೂಲೆಯನ್ನು ಮಾತ್ರ, ಅಳತೆ ನೋಡಿ, ಮಡಚಿದಳು. ಆಮೇಲೆ ಗಂಡನನ್ನು ಕರೆದು ತೋರಿಸಿದಳು.

ಯಜಮಾನರು ಬಾಗಿಲಲ್ಲಿ ನಿಂತು ಕೂಲಂಕಷವಾಗಿ ನೋಡಿದರು. "ಇದು ಗಲೀಜಲ್ಲ ಕಣೇ. ಗಲೀಜಿನ ಷೋರೂಮು."

ಸಂಜೆ ಬಂದ ಹುಡುಗಿ ಕಾಲುಚೀಲವನ್ನು ನೋಡಿ ನಗತೊಡಗಿದವಳು ಗೋಡೆ ಹಿಡಿದುಕೊಳ್ಳುವಷ್ಟು ನಕ್ಕಳು. ಕಾಗದ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು. "ಓನರಮ್ಮ, ಇದೆಲ್ಲ ನಿಮ್ಮ ಕೈಲಾಗಲ್ಲ. ನೀವು ಒಳಗೆ ಬರ್ಬೇಡಿ, ಸಾಕು. ನಾನು ಇಲ್ಲಿ ಇರ್ತೀನಲ್ಲ, ಅದೇ ಗಲೀಜು ಮಾಡುತ್ತೆ."

ಒಳಗೆ ಹೋಗದೆ ಇರುವುದು ಎಂದರೆ ಸುಕ್ಕಮ್ಮನಿಗೆ ಉಪವಾಸ ಕೂತ ಹಾಗೆ. ಪೊರಕೆ ಹಿಡಿದು ಹಜಾರ ಗುಡಿಸುತ್ತಾ ಬರುವಳು, ಆ ಹೊಸ್ತಿಲ ಹತ್ತಿರ ಬಂದು ನಿಲ್ಲುವಳು, ಕುತ್ತಿಗೆ ಉದ್ದ ಮಾಡಿ ನೋಡುವಳು, ನಿಟ್ಟುಸಿರು ಬಿಟ್ಟು ತಿರುಗುವಳು. ಮೂರನೇ ದಿನಕ್ಕೆ ಮೇಜಿನ ಮೇಲೆ ಲೋಟಗಳು ನಾಲ್ಕಾದವು. ಆರನೇ ದಿನಕ್ಕೆ ಕುರ್ಚಿಯ ಬೆನ್ನಿಗೆ ಒದ್ದೆ ಟವೆಲ್ಲು ಬಂತು. ಎಂಟನೇ ದಿನ ಮಣ್ಣಿನ ಬಾಟಲಿಯ ಸುತ್ತ ಮಣ್ಣೇ ಚೆಲ್ಲಿತ್ತು. ಅವಳು ಬಾಲ್ಕನಿಗೆ ಹೋಗಿ ಯಜಮಾನರ ಪಕ್ಕದಲ್ಲಿ ಕೂತು, ಅವರ ಲೋಟ ಇಟ್ಟಿದ್ದ ಜಾಗವನ್ನು ಎರಡು ಸಲ ಒರೆಸಿ ಸಮಾಧಾನ ಮಾಡಿಕೊಂಡಳು.

ಹನ್ನೊಂದನೇ ದಿನ ಬಾಗಿಲ ಗಂಟೆ ಹೊಡೆಯಿತು. ಅದೇ ಅಧಿಕಾರಿ, ಅದೇ ಏದುಸಿರು. ಪುಣ್ಯಕ್ಕೆ ಹುಡುಗಿ ಮನೆಯಲ್ಲೇ ಕೂತು ಪ್ರಬಂಧ ಬರೆಯುತ್ತಿದ್ದಳು.

ಅವರು ಕೋಣೆಯನ್ನು ಸುತ್ತು ಹಾಕಿದರು. ಲೋಟ, ಟವೆಲ್ಲು, ಬಾಟಲಿ, ಬುಟ್ಟಿಯಲ್ಲಿದ್ದ ಕೂದಲ ಉಂಡೆ, ಎಲ್ಲವನ್ನೂ ನೋಡಿದರು. ಸುಕ್ಕಮ್ಮನ ಕಣ್ಣು ಅವರ ಪೆನ್ನಿನ ಮೇಲೆಯೇ ಇತ್ತು. ಪೆನ್ನು ಮೇಲೇಳಲಿಲ್ಲ.

"ಅಮ್ಮ, ಆ ದಿನ ನೋಡಿದ್ರೆ ಹಾಗಿತ್ತು, ಈ ದಿನ ನೋಡಿದ್ರೆ ಹೀಗಿದೆ. ಒಂದು ದಿನದಲ್ಲಿ ಚೊಕ್ಕಟ ಮಾಡೋರು ಒಂದು ದಿನದಲ್ಲಿ ಕೊಳಕೂ ಮಾಡ್ಬಹುದು. ಯಾವುದನ್ನ ನಂಬ್ಲಿ ಹೇಳಿ?" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ದಿನಕ್ಕೆ ಹತ್ತು ಸುಳ್ಳು ಕೇಳಿ ದಣಿದ ಮನುಷ್ಯನ ದನಿ ಅದು.

ಹುಡುಗಿಯ ಮುಖ ಬಿಳಿಚಿತು.

"ಒಂದು ಕೆಲಸ ಮಾಡೋಣ" ಎಂದರು ಅಧಿಕಾರಿ, ಕುರ್ಚಿಯ ಮೇಲಿನ ಟವೆಲ್ಲು ಸರಿಸಿ ಕೂತು. "ಈ ಹುಡುಗಿ ಬಗ್ಗೆ ನಿಮಗೆ ಗೊತ್ತಿರೋದು ಹೇಳಿ. ಹೆಸರು, ಕಾಲೇಜು ಬೇಡ, ಅದು ಕಾಗದದಲ್ಲಿದೆ. ಒಟ್ಟಿಗೆ ಇರೋರಿಗೆ ಮಾತ್ರ ಗೊತ್ತಾಗೋ ಅಂಥದ್ದು ಹೇಳಿ."

ಸುಕ್ಕಮ್ಮನ ನಾಲಿಗೆ ಕಟ್ಟಿಹೋಯಿತು. ಗೊತ್ತಿರಲಿಲ್ಲ ಎಂದಲ್ಲ. ಕೋಣೆಯೊಂದನ್ನು ದಿನಾ ಗುಡಿಸುವವಳಿಗೆ ಅದರಲ್ಲಿ ಇರುವವರ ಬಗ್ಗೆ ಗೊತ್ತಾಗದ್ದು ಏನಿದೆ? ಆದರೆ ಕೋಣೆಯಲ್ಲಿ ಕಂಡದ್ದನ್ನು ಅವಳು ಹೆತ್ತ ಮಗಳ ಹತ್ತಿರವೂ ಬಾಯಿ ಬಿಟ್ಟವಳಲ್ಲ. ಅವಳು ಹುಡುಗಿಯ ಕಡೆ ನೋಡಿದಳು.

"ಮಣ್ಣಮ್ಮ, ನೀನು ಸ್ವಲ್ಪ ಕಿವಿ ಮುಚ್ಕೋ" ಎಂದಳು.

ಆಮೇಲೆ ಹೇಳತೊಡಗಿದಳು. ಗೋಡೆಯ ಕಡೆ ತಿರುಗಿ ಮಲಗುತ್ತಾಳೆ, ಹಾಸಿಗೆ ಆ ಬದಿಯಲ್ಲೇ ತಗ್ಗಾಗಿದೆ ನೋಡಿ. ಪರೀಕ್ಷೆ ಬಂದರೆ ದಿಂಬು ಕಾಲಿನ ಕಡೆ ಹೋಗುತ್ತದೆ, ಯಾಕೆ ಎಂದು ದೇವರಿಗೇ ಗೊತ್ತು. ಕಾಲುಚೀಲ ಯಾವಾಗಲೂ ಎಡ ಹಿಮ್ಮಡಿಯಲ್ಲೇ ಮೊದಲು ತೂತಾಗುತ್ತದೆ, ಅವಳು ನಡೆಯುವುದೇ ಹಾಗೆ. ಕಿತ್ತಳೆ ತಿಂದು ಸಿಪ್ಪೆಯನ್ನು ಕಿಟಕಿಯ ಹಿಂದೆ ಒಣಗಿಸಿಡುತ್ತಾಳೆ, ನಾನು ಬಿಸಾಕುತ್ತೇನೆ, ಮತ್ತೆ ಇಡುತ್ತಾಳೆ. ಲೆಕ್ಕವನ್ನು ಅಂಗೈಯಲ್ಲಿ ಬರೆದುಕೊಂಡೇ ಮಲಗುತ್ತಾಳೆ, ದಿಂಬಿಗೆ ಶಾಯಿ ಹತ್ತುತ್ತದೆ, ಯಾವ ಸೋಪಿಗೂ ಹೋಗುವುದಿಲ್ಲ. ತಡೆದಿದ್ದ ನೀರಿಗೆ ದಾರಿ ಸಿಕ್ಕಂತೆ ಮಾತು ಹರಿಯಿತು, ಅರ್ಧ ದೂರು, ಅರ್ಧ ಮುದ್ದು. ಕೊನೆಗೆ ದನಿ ಸಣ್ಣದಾಯಿತು.

"ಭಾನುವಾರ ಅವರಮ್ಮನ ಜೊತೆ ಫೋನಲ್ಲಿ ಮಾತಾಡಿದ ಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಕೊಂಡು ಅಳ್ತಾಳೆ ಸರ್. ನೀರು ಹೋಗುತ್ತೆ, ಹೋಗ್ಲಿ. ನಾನು ಯಾವತ್ತೂ ಕೇಳಿಲ್ಲ."

ಹುಡುಗಿ ಕಿವಿ ಮುಚ್ಚಿಕೊಂಡಿರಲಿಲ್ಲ. ಎರಡು ವರ್ಷ ನಲ್ಲಿಯ ಸದ್ದಿನಲ್ಲಿ ಅಡಗಿಸಿದೆ ಅಂದುಕೊಂಡಿದ್ದವಳು ಈಗ ತುಟಿ ಕಚ್ಚಿ ನೆಲ ನೋಡುತ್ತಿದ್ದಳು.

ಅಧಿಕಾರಿ ಎಡ ಕಾಲುಚೀಲವನ್ನು ತರಿಸಿ ನೋಡಿದರು, ಹಿಮ್ಮಡಿಯಲ್ಲಿ ತೂತಿತ್ತು. ಹಾಗಿದ್ದರೂ ಪೆನ್ನು ಎತ್ತಲಿಲ್ಲ. "ಇದನ್ನೆಲ್ಲ ಕಲಿತು ಹೇಳೋರನ್ನೂ ನೋಡಿದೀನಿ" ಎಂದು ಹುಡುಗಿಯ ಕಡೆ ತಿರುಗಿದರು. "ಈಗ ನೀನು ಹೇಳಮ್ಮ. ಇವರ ಬಗ್ಗೆ."

ಹುಡುಗಿ ಮೊದಲು ಅಳುಕುತ್ತಾ, ಓನರಮ್ಮನಿಗೆ ಸುಕ್ಕು ಕಂಡರೆ ಆಗುವುದಿಲ್ಲ, ಯಜಮಾನರ ಲೋಟಕ್ಕೆ ಬೈಯುತ್ತಾರೆ ಎಂದಳು.

"ಇದು ಕೆಳಗಿನ ಮನೆಯವರೂ ಹೇಳ್ತಾರೆ" ಎಂದರು ಅವರು.

ಹುಡುಗಿ ಕೈಬೆರಳು ಹಿಸುಕಿಕೊಂಡಳು. ಆಮೇಲೆ ಸುಕ್ಕಮ್ಮನ ಕಡೆ ತಿರುಗಿ, "ಓನರಮ್ಮ, ಈಗ ನೀವು ಕಿವಿ ಮುಚ್ಕೊಳ್ಳಿ" ಎಂದಳು.

"ಮಧ್ಯಾಹ್ನ ನಾನಿಲ್ಲದಾಗ ಇವರು ನನ್ನ ಹಾಸಿಗೆ ಮೇಲೆ ಮಲಗ್ತಾರೆ ಸರ್. ಅರ್ಧ ಗಂಟೆ ಇರ್ಬಹುದು. ಎದ್ದ ಮೇಲೆ ಚಾದರ ಮತ್ತೆ ಎಳೆದಿಡ್ತಾರೆ, ನನಗೆ ಗೊತ್ತಾಗಲ್ಲ ಅಂದ್ಕೊಂಡಿದಾರೆ. ಬೆಳಿಗ್ಗೆ ನಾನು ಹಾಸಿದ್ದು ಸೊಟ್ಟಗಿರುತ್ತೆ, ಸಂಜೆ ಬಂದು ನೋಡಿದ್ರೆ ಮೂಲೆಗಳು ನೆಟ್ಟಗಾಗಿರ್ತವೆ. ಮಂಡಿ ನೋವಿಗೆ ಹಚ್ಚೋ ಮುಲಾಮಿನ ವಾಸನೆ ಇರುತ್ತೆ."

ಈ ಸಂಗತಿಯನ್ನು ನಾವೂ ಇಲ್ಲಿಯವರೆಗೆ ಹೇಳಲಿಲ್ಲ. ಯಾಕೆಂದರೆ ಸುಕ್ಕಮ್ಮ ಇದನ್ನು ಕಟ್ಟಿಕೊಂಡ ಗಂಡನಿಗೂ ಹೇಳಿರಲಿಲ್ಲ. ಲೆಕ್ಕ ಹಾಕಿದರೆ ಅವಳು ಹಾಸಿದ ಹಾಸಿಗೆಗಳು ಲಕ್ಷ ದಾಟುತ್ತವೆ. ಆ ಲಕ್ಷದಲ್ಲಿ ಒಂದರ ಮೇಲೂ ಅವಳು ಒಂದು ನಿಮಿಷ ಬೆನ್ನು ಚಾಚಿದವಳಲ್ಲ, ಕೆಲಸ ಹೋಗುತ್ತಿತ್ತು. ಮನೆಗೆ ಬಂದರೆ ಅಡುಗೆ, ಮಗಳು, ಬಟ್ಟೆ. ನಿವೃತ್ತಿಯಾದ ಮೇಲೆ ಒಂದು ಮಧ್ಯಾಹ್ನ ಆ ಕೋಣೆಯ ನೆಲ ಒರೆಸುತ್ತಿದ್ದಾಗ ಕಿಟಕಿಯ ಬಿಸಿಲು ಹಾಸಿಗೆಯ ಮೇಲೆ ಬಿದ್ದಿತ್ತು, ಮಂಡಿ ನೋಯುತ್ತಿತ್ತು, ಯಾರೂ ನೋಡುತ್ತಿರಲಿಲ್ಲ. ಅವತ್ತು ಶುರುವಾದದ್ದು.

ಸುಕ್ಕಮ್ಮನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಗುರುತು ಬಿಡದ ಕೈ ಎಂದು ಹೆಸರು ಮಾಡಿದವಳು ಮುಲಾಮಿನ ವಾಸನೆಗೆ ಸಿಕ್ಕಿಬಿದ್ದಿದ್ದಳು. ಮುಖ ಕೆಂಪಾಗಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಓಹೋ, ಅದಕ್ಕೇ ನನಗೆ ಮೂರು ಗಂಟೆ ಟೀ ನಾಲ್ಕಕ್ಕೆ ಬರೋದು" ಎಂದು ಬಾಲ್ಕನಿಯಿಂದ ದನಿ ಬಂತು.

"ಈ ಹನ್ನೊಂದು ದಿನ ಇವರು ಒಳಗೆ ಬಂದಿಲ್ಲ ಸರ್" ಎಂದಳು ಹುಡುಗಿ. ಅವಳು ಈಗ ಅಧಿಕಾರಿಗೆ ಹೇಳುತ್ತಿದ್ದಾಳೋ ಸುಕ್ಕಮ್ಮನಿಗೆ ಹೇಳುತ್ತಿದ್ದಾಳೋ ತಿಳಿಯುವಂತಿರಲಿಲ್ಲ. "ವಾಸನೆ ಹೋಗಿದೆ. ನನಗೆ ಸರಿಯಾಗಿ ನಿದ್ದೆ ಬರ್ತಿಲ್ಲ. ಅದಿದ್ರೆ ಮನೆಯಲ್ಲಿ ನನ್ನೋರು ಯಾರೋ ಇದಾರೆ ಅನ್ಸುತ್ತೆ."

ಅಧಿಕಾರಿ ಸುಕ್ಕಮ್ಮನ ಕೆಂಪಾದ ಮುಖವನ್ನು ನೋಡಿದರು. ಎಂಥ ನಟಿಯೂ ಅಷ್ಟು ಕೆಂಪಾಗಲಾರಳು ಎಂದು ಅವರಿಗೆ ಅನ್ನಿಸಿರಬೇಕು. ಪೆನ್ನಿನ ಮುಚ್ಚಳ ತೆಗೆದು ಬರೆಯತೊಡಗಿದರು. ಎದ್ದು ಹೊರಡುವಾಗ, "ಒಂದು ಲೋಟ ನೀರು ಕೊಡಿ ಅಮ್ಮ" ಎಂದು ಕೇಳಿ, ನಿಂತೇ ಕುಡಿದು ಹೋದರು.

ಮುಂದಿನ ವಾರ ಪರ್ಮಿಟ್ಟು ಬಂತು. ಓದು ಮುಗಿಯುವ ತನಕ, ಅದರ ಮೇಲೂ ಎರಡು ತಿಂಗಳು. ಹುಡುಗಿ ಕಾರ್ಡು ಹಿಡಿದುಕೊಂಡು ಹಜಾರದಲ್ಲಿ ಮೂರು ಸುತ್ತು ಹೊಡೆದಳು, ಅಮ್ಮನಿಗೆ ಫೋನು ಮಾಡಿದಳು, ಈ ಸಲ ನಲ್ಲಿ ಬಿಡದೆ ಎಲ್ಲರ ಎದುರಿಗೇ ಅತ್ತಳು. ಲಕೋಟೆಯಲ್ಲಿ ತಪಾಸಣೆಯ ವರದಿಯ ಪ್ರತಿಯೂ ಇತ್ತು. ಯಜಮಾನರು ಕನ್ನಡಕ ಏರಿಸಿ, ಕಚೇರಿಯವರ ದನಿಯಲ್ಲೇ ಓದಿದರು.

"ಅರ್ಜಿದಾರರು ಸದರಿ ಕೋಣೆಯಲ್ಲಿ ವಾಸವಾಗಿರುವುದು ಖಚಿತವಾಗಿರುತ್ತದೆ. ಮಧ್ಯಾಹ್ನದ ಹೊತ್ತು ಮನೆಯೊಡತಿಯೂ ಸದರಿ ಕೋಣೆಯಲ್ಲಿ ಇರುವುದು ಕಂಡುಬಂದಿರುತ್ತದೆ."

"ಇತ್ತ ಕೊಡ್ರೀ" ಎಂದು ಸುಕ್ಕಮ್ಮ ಆ ಹಾಳೆಯನ್ನು ಕಸಿದುಕೊಂಡಳು. ಹರಿದು ಹಾಕುತ್ತಾಳೇನೋ ಎಂದು ಇಬ್ಬರೂ ನೋಡಿದರು. ಅವಳು ಕಿಟಕಿಯ ಬೆಳಕಿಗೆ ಹೋಗಿ ನಿಂತು, ಎರಡನೇ ವಾಕ್ಯದ ಕೆಳಗೆ ಬೆರಳಿಟ್ಟು, ನಿಧಾನವಾಗಿ ತಾನೇ ಓದಿದಳು. ಇನ್ನೊಮ್ಮೆ ಓದಿದಳು. ಇಂಥ ಕೋಣೆಯಲ್ಲಿ ಇವಳಿದ್ದಳು ಎಂದು ಅವಳ ಬಗ್ಗೆ ಯಾರಾದರೂ ಬರೆದದ್ದು ಅದೇ ಮೊದಲು.